ಇಲ್ಲಿ ಅಕ್ಕನಿಗೆ ತಾಯಿ ಅಂತಾರೆ

ಮರಾಠಿಯಲ್ಲಿ ಅಕ್ಕನಿಗೆ ‘ತಾಯಿ’ ಅಂತಾರೆ. ಮದುವೆಯಾಗಿ ಪುಣೆ ಜಿಲ್ಲೆಯ ಶಿರೂರು ತಾಲೂಕಿಗೆ ಬಂದ ಹೊಸದರಲ್ಲಿ ಇದು ನನಗೆ ತುಂಬಾ ಗೊಂದಲ ಮಾಡುತ್ತಿತ್ತು. ನನಗಿಂತ ಹತ್ತು ವರ್ಷ ದೊಡ್ಡವರೂ ನನ್ನನ್ನು ತಾಯಿ ಅಂತ ಕರೆಯೋರು. ಆಶಾ ಕಾರ್ಯಕರ್ತೆಯಾದ ಮೇಲಂತೂ ಊರಿಗೆಲ್ಲ ‘ಆಶಾತಾಯಿ’ ಆದೆ.

ನನ್ನ ತವರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಗಂಡನಿಗೆ ರಾಂಜಣಗಾಂವ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. 2017ರಲ್ಲಿ ಗ್ರಾಮಸಭೆಯಲ್ಲಿ ನನ್ನ ಹೆಸರು ಬಂದಾಗ ‘ಈ ಕಾನಡಿ ಬಾಯಿಗೆ (ಕನ್ನಡದ ಹೆಂಗಸಿಗೆ) ನಮ್ಮ ಫಾರಂ ತುಂಬೋಕೆ ಬರುತ್ತಾ?’ ಅಂತ ಒಬ್ಬರು ಕೇಳಿದ್ದರು. ಬರುತ್ತಿರಲಿಲ್ಲ, ನಿಜ. ಹಿಂದಿ ಓದಿದ್ದರಿಂದ ಅಕ್ಷರ ಗೊತ್ತಿತ್ತು, ಮರಾಠಿ ಬರವಣಿಗೆ ಗೊತ್ತಿರಲಿಲ್ಲ. ಆದರೂ ಸರಪಂಚರು ನನ್ನನ್ನೇ ಆರಿಸಿದರು. ಕಾರಣ ಇತ್ತು. ಸಾವಿರ ಜನಕ್ಕೆ ಒಬ್ಬ ಆಶಾ ಅನ್ನೋದು 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದಾಗಿನಿಂದ ಇರುವ ಲೆಕ್ಕ. ನನ್ನ ಪಾಲಿನ ಸಾವಿರದಲ್ಲಿ ನದಿ ಕಡೆಯ ಎರಡು ಇಟ್ಟಿಗೆ ಭಟ್ಟಿಗಳೂ ಸೇರಿದ್ದವು. ಅಲ್ಲಿಗೆ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳು ಬರುತ್ತವೆ. ಮಳೆ ಬೀಳುವ ಮೊದಲು ವಾಪಸ್ ಹೋಗುತ್ತವೆ. ಅವರ ಮಾತು ತಿಳಿಯೋ ಹೆಂಗಸು ಊರಲ್ಲಿ ನಾನೊಬ್ಬಳೇ ಇದ್ದೆ.

ಆ ನದಿ ಭೀಮಾ. ನಮ್ಮ ಇಂಡಿ ತಾಲೂಕಿನ ಅಂಚಿಗೆ ಹರಿಯುವುದೂ ಅದೇ.

ತರಬೇತಿಯ ಬಗ್ಗೆ ಎಲ್ಲ ಹೇಳುತ್ತಾ ಹೋಗುವುದಿಲ್ಲ. ಹಸುಗೂಸಿನ ಪಾಠ ಒಂದನ್ನು ಹೇಳಲೇಬೇಕು. ಮಗು ಹುಟ್ಟಿದ ಮೇಲೆ 3, 7, 14, 21, 28, 42ನೇ ದಿನ ನಾವು ಮನೆಗೆ ಹೋಗಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲನೇ ದಿನವೂ ಹೋಗಬೇಕು. ಇದು ದಿಲ್ಲಿಯಲ್ಲಿ ಕೂತವರು ಕಂಡುಹಿಡಿದದ್ದಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಮಾಡಿ ತೋರಿಸಿದ್ದು. ಆಸ್ಪತ್ರೆ ಬಹಳ ದೂರ ಇದ್ದ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ಕಲಿಸಿದರು. ಮಗುವಿನ ಉಸಿರು ಎಣಿಸೋದು, ಬೆಚ್ಚಗಿಡೋದು, ಸೋಂಕು ಗುರುತಿಸೋದು, ಬೇಕಾದರೆ ಇಂಜೆಕ್ಷನ್ ಹಾಕೋದು ಕೂಡ. ಮೂರನೇ ವರ್ಷಕ್ಕೆ ಆ ಹಳ್ಳಿಗಳಲ್ಲಿ ಹಸುಗೂಸುಗಳ ಸಾವು ಶೇಕಡಾ 62ರಷ್ಟು ಇಳಿದಿತ್ತು. 1999ರಲ್ಲಿ ಇದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ಇಡೀ ದೇಶದ ಆಶಾಗಳಿಗೆ ಇದೇ ಕೆಲಸ ಬಂತು. ನಮ್ಮ ತಾಲೂಕಿನಲ್ಲೂ ಇಂಥ ಕೆಲಸ ಹೊಸದಲ್ಲ. ವಢು ಗ್ರಾಮದಲ್ಲಿ 1970ರ ದಶಕದಲ್ಲೇ ಪುಣೆಯ ಡಾ. ಬಾನೂ ಕೋಯಾಜಿ ಹಳ್ಳಿಯವರನ್ನೇ ಆರೋಗ್ಯದ ಕೆಲಸಕ್ಕೆ ತಯಾರು ಮಾಡಿದ್ದರು. 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಇಂಥ ಕೆಲಸಕ್ಕೇ.

ನಮ್ಮ ಚೀಲದಲ್ಲಿ ಜೋಳಿಗೆ ತಕ್ಕಡಿ, ಥರ್ಮಾಮೀಟರ್, ಟೈಮರ್ ಇರುವ ಗಡಿಯಾರ, ಒಂದು ಚಿಕ್ಕ ಕಂಬಳಿ, ಚಮಚ ಇರುತ್ತವೆ. ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬಾರದು. ಹಸುಗೂಸಿನ ಉಸಿರು ಒಂದೇ ಸಮ ಇರೋದಿಲ್ಲ. ಸ್ವಲ್ಪ ಹೊತ್ತು ಬೇಗ ಬೇಗ ಆಡುತ್ತೆ, ಆಮೇಲೆ ತುಸು ನಿಂತ ಹಾಗೆ ಆಗುತ್ತೆ, ಮತ್ತೆ ಶುರುವಾಗುತ್ತೆ. ಅರವತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಬೇಕು. ಆಗಲೂ ಅಷ್ಟೇ ಬಂದರೆ ಆಸ್ಪತ್ರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪಿದೆ.

2021ರ ಡಿಸೆಂಬರ್. ಭಟ್ಟಿಯ ಒಬ್ಬ ಹುಡುಗಿಗೆ ಹೆಣ್ಣು ಮಗು ಆಯಿತು. ಅವಳಿಗೆ ಇಪ್ಪತ್ತು ವಯಸ್ಸು, ಮೊದಲ ಹೆರಿಗೆ. ಹೆರಿಗೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಅವಳ ಹತ್ತಿರ ಕರ್ನಾಟಕದ ತಾಯಿ ಕಾರ್ಡ್ ಇತ್ತು. ಎಲ್ಲ ಕನ್ನಡದಲ್ಲಿ. ಅಲ್ಲಿನ ಸಿಸ್ಟರ್ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು. ಎಷ್ಟು ಇಂಜೆಕ್ಷನ್ ಆಗಿದೆ, ರಕ್ತ ಎಷ್ಟಿದೆ, ಕೊನೆಯ ಮುಟ್ಟು ಯಾವತ್ತು ಅಂತ ನಾನು ಓದಿ ಹೇಳಿದೆ, ಅವರು ಬರೆದುಕೊಂಡರು. ಮಗುವಿನ ತೂಕ 2150 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ ಅಂದರೆ ನಾವು ಜಾಸ್ತಿ ಕಣ್ಣಿಡಬೇಕಾದ ಮಗು.

ಮೂರನೇ ದಿನ 2100 ಇತ್ತು. ಮೊದಲ ದಿನಗಳಲ್ಲಿ ಅಷ್ಟು ಇಳಿಯೋದು ಸಹಜ. ಹಾಲು ಕುಡಿಯುತ್ತಿತ್ತು.

ಏಳನೇ ದಿನ ನಾನು ಅವಸರದಲ್ಲಿದ್ದೆ. ಆಗ ಕೋವಿಡ್ ಲಸಿಕೆಗೆ ಮನೆ ಮನೆಗೆ ಹೋಗುವ ‘ಹರ್ ಘರ್ ದಸ್ತಕ್’ ಅಭಿಯಾನ ನಡೀತಿತ್ತು. ಲಸಿಕೆ ಹಾಕಿಸಿಕೊಳ್ಳದವರ ಪಟ್ಟಿ ಸಂಜೆಯೊಳಗೆ ಕೊಡಬೇಕಿತ್ತು. ಭಟ್ಟಿಯ ತಗಡಿನ ಗುಡಿಸಲಿಗೆ ಬಗ್ಗಿ ಒಳಗೆ ಹೋದೆ. ಕಣ್ಣು ಉರಿಯುವಷ್ಟು ಹೊಗೆ. ಮಣ್ಣು ಹೊರುವ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತುಂಬಿ ಬಾಣಂತಿಯ ಹೊರಸಿನ ಕೆಳಗೆ ಇಟ್ಟಿದ್ದರು. ಮೇಲೆ ಲೋಬಾನ ಹಾಕಿದ್ದರು. ನನಗೆ ಸಿಟ್ಟು ಬಂತು.

‘ಬುದ್ಧಿ ಐತಿಲ್ಲ ನಿನಗ? ಇಷ್ಟ ಹೊಗಿಯಾಗ ಕೂಸು ಉಸುರು ಹೆಂಗ ತಗೋಬೇಕು? ಮೊದಲು ಇದನ್ನ ತಗದು ಹೊರಗ ಹಾಕು!’ ಅಂದೆ.

ಅವಳು ತಲೆ ತಗ್ಗಿಸಿದಳು. ಹಾಲು ಕುಡೀತದಾ ಅಂತ ಕೇಳಿದೆ. ‘ಕುಡೀತದ್ರೀ ಅಕ್ಕಾರ’ ಅಂದಳು. ಕುಡಿಸಿ ತೋರಿಸು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ತೂಕ ಇನ್ನೂ ಐವತ್ತು ಗ್ರಾಂ ಇಳಿದಿತ್ತು. ಬರೆದುಕೊಂಡೆ, ಯೋಚನೆ ಮಾಡಲಿಲ್ಲ. ಉಸಿರು ಅರ್ಧ ನಿಮಿಷಕ್ಕೆ 28 ಬಂತು. ಫಾರಂನಲ್ಲಿ 56 ಅಂತ ತುಂಬಿ ಹೊರಟೆ.

ಮಾರನೇ ದಿನ ಬೆಳಗಿನ ಜಾವ ಮಗುವಿನ ಅಪ್ಪ ಓಡಿ ಬಂದು ಬಾಗಿಲು ಬಡಿದ. ‘ಕೂಸು ತಣ್ಣಗಾಗೇತ್ರೀ.’ ನಾನು ಹೋದಾಗ ಮಗುವಿನ ಕೈಕಾಲು ಸಡಿಲವಾಗಿದ್ದವು. ಅಳು ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಬರುತ್ತಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. 94.8 ಡಿಗ್ರಿ. 97ರ ಮೇಲೆ ಇರಬೇಕಾದದ್ದು. ಈ ಸಲ ಪೂರ್ತಿ ನಿಮಿಷ ಎಣಿಸಿದೆ. 70 ದಾಟಿತ್ತು. 108ಕ್ಕೆ ಫೋನ್ ಮಾಡಿ, ಮಗುವಿನ ಬಟ್ಟೆ ಬಿಚ್ಚಿ, ತಾಯಿಯ ಎದೆಗೆ ಮೈಗೆ ಮೈ ತಾಗುವ ಹಾಗೆ ಒತ್ತಿಟ್ಟು, ಮೇಲೆ ನನ್ನ ಸ್ವೆಟರ್, ಕಂಬಳಿ ಎಲ್ಲ ಸುತ್ತಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಮೊದಲ ಇಂಜೆಕ್ಷನ್ ಹಾಕಿ ಪುಣೆಗೆ ಕಳಿಸಿದರು. ಸೋಂಕು ಆಗಿದೆ, ಮೇಲಿಂದ ಚಳಿಯೂ ತಾಗಿದೆ ಅಂದರು.

ಒಂಬತ್ತು ದಿನ ಮಗು ಹಸುಗೂಸುಗಳ ಐಸಿಯುನಲ್ಲಿತ್ತು. ಅಲ್ಲಿನ ಸಿಸ್ಟರ್‌ಗಳಿಗೆ ಕನ್ನಡ ಬರೋದಿಲ್ಲ, ಇವಳಿಗೆ ಮರಾಠಿ ಬರೋದಿಲ್ಲ. ದಿನಕ್ಕೆ ಎರಡು ಮೂರು ಸಲ ನನಗೆ ಫೋನ್ ಬರುತ್ತಿತ್ತು. ಸ್ಪೀಕರ್ ಹಾಕಿ, ಹಾಲು ಹೇಗೆ ಹಿಂಡಿ ಕೊಡಬೇಕು, ಎಷ್ಟು ಹೊತ್ತಿಗೆ ಕೊಡಬೇಕು ಅಂತ ಅವರು ಹೇಳೋರು. ನಾನು ಇಲ್ಲಿ ಒಲೆ ಮುಂದೆ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ಆ 56 ಅನ್ನೋ ಅಂಕಿ ಕಣ್ಣ ಮುಂದೆ ಬರುತ್ತಿತ್ತು.

ಆ ವಾರವೇ ತಿಂಗಳ ಮೀಟಿಂಗ್ ಇತ್ತು. ಹೋಗೋಕೆ ಭಯ. ಯಾಕೆ ಅಂದರೆ ಹಿಂದೆ ಬೇರೆ ಒಂದು ಕಡೆ ನಡೆದ ಮೀಟಿಂಗ್ ನನಗೆ ನೆನಪಿತ್ತು. ಅಲ್ಲಿ ಒಬ್ಬ ಅಧಿಕಾರಿ, ಕಾಲಂ ಖಾಲಿ ಬಿಟ್ಟಳು ಅಂತ ಒಬ್ಬ ಆಶಾಳನ್ನು ನೂರು ಜನರ ಮುಂದೆ ಎದ್ದು ನಿಲ್ಲಿಸಿದ್ದರು. ಅವಳು ಆಮೇಲೆ ಒಂದೂ ಕಾಲಂ ಖಾಲಿ ಬಿಡಲಿಲ್ಲ. ನೋಡದೇ ಇದ್ದದ್ದನ್ನೂ ತುಂಬುತ್ತಿದ್ದಳು. ಇದನ್ನು ಅವಳೇ ನನಗೆ ಹೇಳಿದ್ದು.

ನಮ್ಮ ಮೇಲೆ ಒಬ್ಬ ಗಟಪ್ರವರ್ತಕ ಇರುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಆಶಾಗಳ ಕೆಲಸ ನೋಡಿಕೊಳ್ಳೋರು. ಅವರನ್ನೂ ನಾವು ತಾಯಿ ಅಂತಲೇ ಕರೆಯೋದು. ಡಾಕ್ಟರ್ ‘ಏಳನೇ ದಿನದ ಭೇಟಿ ಯಾರು ಮಾಡಿದ್ದು?’ ಅಂತ ಕೇಳಿದಾಗ ನಾನು ಏಳುವ ಮೊದಲೇ ತಾಯಿ ಎದ್ದರು. ‘ಅದು ನನ್ನ ಏರಿಯಾ ಸರ್. ನಾನು ಹೋಗಿ ನೋಡಿ ನಿಮಗೆ ಹೇಳ್ತೀನಿ’ ಅಂದರು. ಅಷ್ಟೇ. ಮೀಟಿಂಗ್ ಮುಗಿದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ನನ್ನನ್ನು ಕೂರಿಸಿಕೊಂಡು, ಯಾಕೆ ಹೀಗೆ ಮಾಡಿದೆ ಅಂತ ಕೇಳಲಿಲ್ಲ. ‘ಗುಡಿಸಲಿನೊಳಗೆ ಹೋದಾಗಿನಿಂದ ಏನೇನು ಕಂಡೆ, ಹೇಳು’ ಅಂದರು. ನಾನು ಹೊಗೆಯಿಂದ ಶುರು ಮಾಡಿ ಆ ಅರ್ಧ ನಿಮಿಷದವರೆಗೆ ಎಲ್ಲ ಹೇಳಿದೆ. ಅತ್ತೆ. ಅವರು ಸುಮ್ನೆ ಕೇಳಿದರು. ‘ಮಗು ಮನೆಗೆ ಬಂದ ದಿನ ಹೇಳು. ಬರ್ತೀನಿ’ ಅಂದರು.

ಬಂದರು. ಬೆಳಿಗ್ಗೆ ಎಂಟಕ್ಕೆ ಸ್ಕೂಟಿಯಲ್ಲಿ. ಅವರ ಊರಿಂದ ಭಟ್ಟಿಗೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ನಾನು ಅಂದುಕೊಂಡಿದ್ದೆ, ಅವರು ಮಾತಾಡುತ್ತಾರೆ, ನಾನು ಕನ್ನಡದಲ್ಲಿ ಹೇಳಬೇಕು ಅಂತ. ಅವರು ಹಸಿ ಇಟ್ಟಿಗೆಯ ಸಾಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ‘ತೂ ಬೋಲ್, ಮೀ ಬಸತೇ’ ಅಂದರು. ನೀನು ಮಾತಾಡು, ನಾನು ಕೂತಿರ್ತೀನಿ.

ನಾನು ಚೀಲ ಬಿಚ್ಚಲಿಲ್ಲ. ಯಾವ ಊರು ತಂಗಿ ಅಂತ ಕೇಳಿದೆ. ಅಷ್ಟು ದಿನ ಕೇಳಿರಲೇ ಇಲ್ಲ, ನೋಡಿ. ನಮ್ಮ ತವರಿನಿಂದ ಎರಡು ಊರು ಆಚೆ. ಅದೇ ಭೀಮೆಯ ದಂಡೆ. ಅವಳ ಅವ್ವ ಬರಬೇಕಿತ್ತು, ಜೋಳದ ಹೊಲ ಬಿಟ್ಟು ಬರೋಕಾಗಲಿಲ್ಲ. ಬಾಣಂತನ ಮಾಡುತ್ತಿದ್ದದ್ದು ಪಕ್ಕದ ಗುಡಿಸಲಿನ ಮುದುಕಿ. ಮಾತು ಹೀಗೆ ಬಂದು ಬಂದು ಆ ದಿನಕ್ಕೆ ಬಂತು.

‘ನೀವು ಬೈದ್ರೆಲ್ಲಾ ಅಕ್ಕಾರ, ಅದಕ್ಕ ಬೆಂಕಿ ಆರಿಸಿಬಿಟ್ನಿರೀ’ ಅಂದಳು. ‘ರಾತ್ರಿ ಭಾಳ ಥಂಡಿ ಇತ್ತು. ಕೂಸು ಮಧ್ಯಾಹ್ನದಿಂದ ಮಲಿ ಹಿಡೀವಲ್ದಾಗಿತ್ತು. ನಿಮಗ ಹೇಳಬೇಕಂದ್ನಿ, ಮತ್ತ ಬೈತೀರಿ ಅಂತ ಹೇಳಲಿಲ್ರೀ.’

ಹೊಗೆ ಮಗುವಿಗೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಗಡಿನ ಗುಡಿಸಲು, ಡಿಸೆಂಬರ್ ರಾತ್ರಿ, ನದಿಯ ಗಾಳಿ. ಬೆಂಕಿ ತೆಗೆಸಿದ ನಾನು ಅದರ ಬದಲು ಏನು ಮಾಡಬೇಕು ಅಂತ ಹೇಳಿರಲಿಲ್ಲ. ಅವಳು ನನ್ನ ಮಾತು ಕೇಳಿದಳು, ಅದಕ್ಕೇ ಮಗು ತಣ್ಣಗಾಯಿತು. ಇದನ್ನು ಅವಳ ಬಾಯಿಂದ ಕೇಳಿಸಿಕೊಳ್ಳೋ ತನಕ ನನಗೆ ನನ್ನ ತಪ್ಪು ಆ ಅರ್ಧ ನಿಮಿಷ ಮಾತ್ರ ಅನ್ನಿಸಿತ್ತು. ಮೀಟಿಂಗಿನಲ್ಲಿ ತಾಯಿ ನನ್ನನ್ನು ಎಲ್ಲರ ಮುಂದೆ ಬೈದಿದ್ದರೆ ಇದು ಯಾವತ್ತೂ ತಿಳಿಯುತ್ತಿರಲಿಲ್ಲ. ಆ ಬೈಗುಳ ಹೊತ್ತುಕೊಂಡು ನೇರ ಭಟ್ಟಿಗೆ ಬಂದು ಈ ಹುಡುಗಿಯ ಮೇಲೆ ಇಳಿಸುತ್ತಿದ್ದೆ. ನನಗೆ ನನ್ನ ಸ್ವಭಾವ ಗೊತ್ತು.

‘ನನ್ನದ ತಪ್ಪು ತಂಗಿ’ ಅಂದೆ. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟಳು.

ಆಮೇಲೆ ಕೆಲಸ ಶುರುವಾಯಿತು. ಮಗುವನ್ನು ಎದೆಗೆ ಕಟ್ಟಿಕೊಳ್ಳೋದು. ಡಾಕ್ಟರುಗಳು ಕಾಂಗರೂ ಆರೈಕೆ ಅಂತಾರೆ. ಭಟ್ಟಿಯಲ್ಲಿ ಆ ಪ್ರಾಣಿ ಯಾರಿಗೆ ಗೊತ್ತು? ‘ಕೋಳಿ ಮರೀನ ರೆಕ್ಕಿ ಬುಡಕ ಹೆಂಗ ಇಟ್ಕೋತದ, ಹಂಗ’ ಅಂದೆ. ಮುದುಕಿಗೆ ತಕ್ಷಣ ತಿಳಿಯಿತು. ಹಳೆಯ ಇಳಕಲ್ ಸೀರೆ ಹರಿದು ಪಟ್ಟಿ ಮಾಡಿದರು. ಉಳಿದ ತುಂಡಿನಲ್ಲಿ ಮಗುವಿಗೆ ಕುಂಚಿಗೆ ಹೊಲಿದರು. ತಲೆ, ಕಿವಿ, ಬೆನ್ನು ಎಲ್ಲ ಮುಚ್ಚುವ ನಮ್ಮ ಕಡೆಯ ಕುಂಚಿಗೆ. ಕೆಂಡದ ಬುಟ್ಟಿ ಹೊರಗೆ ಹೋಯಿತು. ತಗಡಿನ ಸಂದಿಗಳಿಗೆ ಗೋಣಿಚೀಲ ತುರುಕಿದೆವು.

ಹುಡುಗಿ ಊಟ ಮಾಡುವಾಗ, ಸ್ನಾನ ಮಾಡುವಾಗ ಮಗುವನ್ನು ಯಾರು ಕಟ್ಟಿಕೊಳ್ಳಬೇಕು? ಅಪ್ಪ. ಮೊದಲ ದಿನ ಅವನು ನಾಚಿಕೊಂಡು ಗೋಡೆ ಕಡೆ ತಿರುಗಿ ಕೂತ. ಕೈಯಲ್ಲಿ ಮಣ್ಣಿನ ಬಿರುಕುಗಳು, ಎಷ್ಟು ತೊಳೆದರೂ ಹೋಗದಂಥವು. ಎದೆಯ ಮೇಲೆ ಮಗುವನ್ನು ಇಟ್ಟು ಪಟ್ಟಿ ಸುತ್ತಿದೆ. ಮಗು ಮೂಗು ಉಜ್ಜಿ, ಕಾಲು ಮಡಿಚಿ ಮಲಗಿತು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ‘ಉಸುರಾಡಪಾ’ ಅಂದೆ. ವಾರದೊಳಗೆ ಸಂಜೆ ಹೊತ್ತು ಭಟ್ಟಿಯ ಗಂಡಸರ ನಡುವೆ ಮಗುವನ್ನು ಕಟ್ಟಿಕೊಂಡೇ ಕೂರುತ್ತಿದ್ದ. ಯಾರೂ ನಗಲಿಲ್ಲ.

21ನೇ ದಿನ 2200 ಗ್ರಾಂ. 28ನೇ ದಿನ 2400.

ಅಷ್ಟರಲ್ಲಿ ಇನ್ನೊಂದು ಕಷ್ಟ ಬಂತು. ಭಟ್ಟಿಯ ಕೆಲಸ ಜೋಡಿ ಲೆಕ್ಕ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ. ದೀಪಾವಳಿಗೇ ಉಚಲ್, ಅಂದರೆ ಮುಂಗಡ ಹಣ ತೆಗೆದುಕೊಂಡಿರುತ್ತಾರೆ. ಅವಳು ಮಣ್ಣು ಕಲಸೋಕೆ ಬರದಿದ್ದರೆ ಸಾಲ ತೀರೋದಿಲ್ಲ. ನಾನು ಮಾಲೀಕರ ಜೊತೆ ಜಗಳಕ್ಕೆ ಹೊರಟಿದ್ದೆ. ತಾಯಿ ತಡೆದರು. ‘ಅವರ ಹೆಂಡತಿಯನ್ನು ಮಗು ನೋಡೋಕೆ ಕರಿ’ ಅಂದರು. ಆಕೆ ಬಂದರು. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದನ್ನು ಬಹಳ ಹೊತ್ತು ನೋಡಿದರು. ಮಾರನೇ ದಿನ ಒಂದು ಡಬ್ಬಿ ಡಿಂಕಾಚೆ ಲಾಡು ಕಳಿಸಿದರು. ನಾವು ಅಂಟಿನುಂಡಿ ಅಂತೀವಲ್ಲ, ಅದೇ. ಮಗು ಮೂರು ತಿಂಗಳಾಗೋವರೆಗೆ ಹುಡುಗಿಗೆ ನೆರಳಲ್ಲಿ ಕೂತು ಮಾಡುವ ಕೆಲಸ ಮಾತ್ರ ಅಂತ ಮಾತಾಯಿತು. ಉಚಲ್ ಏನೂ ಕಡಿಮೆಯಾಗಲಿಲ್ಲ. ಅದನ್ನು ಬದಲಿಸುವ ಶಕ್ತಿ ನನ್ನ ಹತ್ತಿರವೂ ಇಲ್ಲ, ತಾಯಿಯ ಹತ್ತಿರವೂ ಇಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

42ನೇ ದಿನ 2900 ಗ್ರಾಂ ಬಂತು. ಈ ಎಲ್ಲ ಭೇಟಿಗೆ ಸೇರಿ ನಮಗೆ ಸಿಗೋದು 250 ರೂಪಾಯಿ. ತೂಕ ಬರೆದಿರಬೇಕು, ಬಿಸಿಜಿ ಲಸಿಕೆ ಆಗಿರಬೇಕು, ಜನನ ನೋಂದಣಿ ಆಗಿರಬೇಕು, ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕು ಅಂತ ನಮಗೆ ಹೇಳಿಕೊಟ್ಟ ನಿಯಮ. ಮಗುವನ್ನು ಕಳೆದುಕೊಂಡ ತಾಯಿಯ ಪಕ್ಕ ಕೂತು ಬಂದ ಆಶಾಳಿಗೆ ಏನೂ ಇಲ್ಲ ಅನ್ನೋದು ಸರಿಯಲ್ಲ. ಅಂಥ ಮನೆಗೇ ನಾವು ಹೆಚ್ಚು ಸಲ ಹೋಗಿರುತ್ತೇವೆ.

ಆಮೇಲಿನ ತಿಂಗಳಿಂದ ತಾಯಿ ಮೀಟಿಂಗ್ ನಡೆಸುವ ರೀತಿ ಬದಲಾಯಿಸಿದರು. ಮೊದಲು ಫಾರಂ ತೆಗೆಯೋದಿಲ್ಲ. ಯಾರಾದರೂ ಒಬ್ಬರು ತಮ್ಮಿಂದ ಆದ ತಪ್ಪು ಒಂದನ್ನು ಹೇಳಬೇಕು. ಮೊದಲ ಸಲ ತಾವೇ ಹೇಳಿದರು. ಆಶಾ ಆಗಿದ್ದ ಮೊದಲ ವರ್ಷ ಒಂದು ಮಗುವನ್ನು ತೂಗದೆಯೇ ತೂಕ ಬರೆದದ್ದು. ಎರಡನೆಯವಳು ನಾನು. ಮೂರನೇ ತಿಂಗಳಿಂದ ಕೈ ಎತ್ತುವವರಿಗೆ ಸಮಯ ಸಾಲುತ್ತಿರಲಿಲ್ಲ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳಿಗೆಲ್ಲ ಸೇರಿಸಿ ಗ್ಲೋಬಲ್ ಹೆಲ್ತ್ ಲೀಡರ್ಸ್ ಅವಾರ್ಡ್ ಕೊಟ್ಟಿತು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುದ್ದಿ ಬಂದಾಗ ನಾನು ಲೀಡರ್ ಅನ್ನೋ ಪದವನ್ನು ಎರಡು ಮೂರು ಸಲ ಓದಿದೆ. ನಮ್ಮ ಕಡೆ ಲೀಡರ್ ಅಂದರೆ ಜೀಪಿನಲ್ಲಿ ಬರೋರು. ನನಗೆ ನೆನಪಾಗಿದ್ದು ಇಟ್ಟಿಗೆ ಸಾಲಿನ ಪಕ್ಕ ನೆಲದ ಮೇಲೆ ಕೂತ ತಾಯಿ.

ಅದೇ ವಾರ ಭಟ್ಟಿಯವರು ಊರಿಗೆ ಹೊರಟರು. ಟೆಂಪೋದಲ್ಲಿ ಪಾತ್ರೆ, ಕೌದಿ, ಎರಡು ಮೇಕೆ, ಮೇಲೆ ಜನ. ಹಿಂದಿನ ರಾತ್ರಿ ಕೂತು ನಾನು ಒಂದು ಹಾಳೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೆ. ಎಲ್ಲ ದಿನದ ತೂಕ, ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ, ಹಾಕಿದ ಲಸಿಕೆಗಳು, 9 ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆ. ಏಳನೇ ದಿನದ ಉಸಿರಿನ ಮುಂದೆ ‘ಅರ್ಧ ನಿಮಿಷ ಮಾತ್ರ ಎಣಿಸಿದ್ದು’ ಅಂತಲೂ ಬರೆದೆ. ಕೆಳಗೆ ನನ್ನ ಫೋನ್ ನಂಬರ್. ಹಾಳೆಯನ್ನು ತಾಯಿ ಕಾರ್ಡಿನೊಳಗೆ ಮಡಚಿ ಇಟ್ಟು, ನಿಮ್ಮೂರಿನ ಆಶಾ ಅಕ್ಕನಿಗೆ ಕೊಡು ಅಂದೆ.

ಸೆಪ್ಟೆಂಬರ್‌ನಲ್ಲಿ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ‘ಅಕ್ಕಾರ, ನಾ ಇಲ್ಲಿ ಆಶಾ ಮಾತಾಡೂದು’ ಅಂತ ಶುರು ಮಾಡಿದಳು. ಹಿಂದೆ ಮಕ್ಕಳ ಗಲಾಟೆ, ಲಸಿಕೆ ದಿನ ಅಂತ ಕೇಳಿದರೇ ತಿಳಿಯುತ್ತಿತ್ತು. ದಡಾರದ ಇಂಜೆಕ್ಷನ್ ಹಾಕಿಸಿದ್ದಳು. ನನ್ನ ಹಾಳೆಯ ಕೆಳಗೆ ಜಾಗ ಉಳಿದಿತ್ತಂತೆ, ಅಲ್ಲೇ ಮುಂದಕ್ಕೆ ಬರೆಯುತ್ತಿದ್ದೀನಿ ಅಂದಳು. ‘ಬರಕೋರಿ’ ಅಂದಳು. ನಾನು ಪೆನ್ನು ಹುಡುಕಿ ಕ್ಯಾಲೆಂಡರ್ ಮೇಲೆ ಬರೆದುಕೊಂಡೆ.

6 ಕಿಲೋ 800 ಗ್ರಾಂ.